ಮೋಡ ಬಿತ್ತನೆ: ಮಳೆ ಬಂದುದೇ ಸಾಕ್ಷ್ಯವೇ?



ಬೋರ್ಡೋ ದ್ರಾವಣ ಸಿಂಪಡಿಸಿದ ವರ್ಷ ಅಡಿಕೆಗೆ ಕೊಳೆರೋಗ ಬರಲಿಲ್ಲವೆನ್ನೋಣ. ಫಸಲನ್ನು ಉಳಿಸಿದ್ದು ದ್ರಾವಣವೋ, ಆ ವರ್ಷದ ಕಡಿಮೆ ಮಳೆಯೋ? ತಿಳಿಯಬೇಕಾದರೆ ಅದೇ ತೋಟದ ಕೆಲವು ತಾಕುಗಳನ್ನು ಸಿಂಪಡಿಸದೆ ಬಿಡಬೇಕು. ಯಾವುದನ್ನು ಬಿಡುವುದೆಂದು ಚೀಟಿ ಎತ್ತಿ ನಿರ್ಧರಿಸಬೇಕು. ಮೋಡ ಬಿತ್ತನೆಗೂ ಇದೇ ನ್ಯಾಯ. ಬಿತ್ತಿದ ಮೇಲೆ ಮಳೆ ಬಂತೆಂದರೆ ಸಾಲದು. ಬಿತ್ತದಿದ್ದರೆ ಎಷ್ಟು ಬರುತ್ತಿತ್ತೆಂದು ಕೇಳಬೇಕು.

ಚಳಿಗಾಲದ ಪರ್ವತ ಮೋಡಗಳಲ್ಲಿ, ಉಷ್ಣತೆ ಸೊನ್ನೆ ಡಿಗ್ರಿಗಿಂತ ಕೆಳಗಿಳಿದರೂ ಹೆಪ್ಪುಗಟ್ಟದ ನೀರಿನ ಹನಿಗಳಿರುತ್ತವೆ. ಸಿಲ್ವರ್ ಅಯೋಡೈಡ್ ಕಣಗಳು ಸೇರಿದರೆ ಅಲ್ಲಿ ಹಿಮದ ಹರಳುಗಳು ಮೂಡಿ, ಬೆಳೆದು, ಕೆಳಗೆ ಬೀಳುತ್ತವೆ. ಈ ತತ್ತ್ವ ಸುಳ್ಳಲ್ಲ. 2017ರಲ್ಲಿ ಅಮೆರಿಕದ ಐಡಹೊ ರಾಜ್ಯದಲ್ಲಿ, ಬಿತ್ತನೆಯ ಜಾಡಿನಲ್ಲೇ ಹಿಮ ಮೂಡಿದ್ದನ್ನು ರೇಡಾರ್ ಗುರುತಿಸಿತು. ಆದರೆ ಒಂದು ಮೋಡದಲ್ಲಿ ಹಿಮ ಮೂಡಿಸುವುದು ಬೇರೆ. ಪರ್ವತದ ಇಡೀ ಋತುವಿನ ಹಿಮವನ್ನು ಹೆಚ್ಚಿಸುವುದು ಬೇರೆ.

ಆ ಎರಡನೆಯ ಪ್ರಶ್ನೆಗೆ ಉತ್ತರ ಹುಡುಕಿದ್ದು ಅಮೆರಿಕದ ವಯೋಮಿಂಗ್ ರಾಜ್ಯದ ಪ್ರಯೋಗ. 2008ರಿಂದ 2013ರವರೆಗೆ ಆರು ವರ್ಷ ಅದು ಮೆಡಿಸಿನ್ ಬೋ ಮತ್ತು ಸಿಯೆರಾ ಮಾದ್ರೆ ಎಂಬ ಎರಡು ಪರ್ವತಶ್ರೇಣಿಗಳಲ್ಲಿ ನಡೆಯಿತು. ಎರಡರ ಮೇಲೂ ಯೋಗ್ಯವಾದ ಮೋಡಗಳಿದ್ದಾಗ ಯಾದೃಚ್ಛಿಕವಾಗಿ ಒಂದನ್ನು ಆಯ್ದು ನೆಲದ ಮೇಲಿನ ಯಂತ್ರಗಳಿಂದ ಬಿತ್ತಿದರು. ಇನ್ನೊಂದನ್ನು ಹೋಲಿಕೆಗಾಗಿ ಬಿಟ್ಟರು. ಹಿಮಮಾಪಕ ಕೈಕೊಟ್ಟರೂ ಲೆಕ್ಕ ತಪ್ಪದಂತೆ ಒಂದೊಂದು ಕಡೆ ಮೂರು ಮೂರು ಮಾಪಕಗಳನ್ನಿಟ್ಟರು.

ಫಲಿತಾಂಶವೇನು? ವಿಶ್ಲೇಷಣೆಗೆ ಒದಗಿದ 118 ಪ್ರಯೋಗಗಳ ಸಂಭವನೀಯತಾ ಮೌಲ್ಯ 0.28. ಬಿತ್ತನೆಯಿಂದ ಯಾವ ಪರಿಣಾಮವೂ ಇಲ್ಲದಿದ್ದರೂ, ಇಷ್ಟು ಅಥವಾ ಇದಕ್ಕೂ ಹೆಚ್ಚಿನ ವ್ಯತ್ಯಾಸ 100ರಲ್ಲಿ 28 ಬಾರಿ ಕೇವಲ ಆಕಸ್ಮಿಕವಾಗಿ ಕಾಣಬಹುದೆಂದು ಇದರ ಅರ್ಥ. ವಿಜ್ಞಾನದ ರೂಢಿ ಒಪ್ಪುವುದು 100ರಲ್ಲಿ 5ರೊಳಗಿನದನ್ನು. ಹಾಗೆಂದು ಬಿತ್ತನೆ ನಿಷ್ಫಲವೆಂದು ಸಿದ್ಧವಾಗಲಿಲ್ಲ. ಪರಿಣಾಮ ಸಣ್ಣದಾಗಿದ್ದರೆ ನಿಸರ್ಗದ ಏರಿಳಿತಗಳ ನಡುವೆ ಅದನ್ನು ಹೆಕ್ಕಲು 118 ಪ್ರಯೋಗಗಳು ಸಾಲವು. ಗಣಕ ಮಾದರಿಗಳ ಅಂದಾಜು ಶೇ. 5ರ ಹೆಚ್ಚಳ. ಆದರೆ ಅಲ್ಲಿ ಬಿತ್ತನೆಗೆ ಯೋಗ್ಯವಾದ ಮೋಡಗಳಿಂದ ಬರುವುದು ಒಟ್ಟು ವರ್ಷಣದ ಸುಮಾರು ಶೇ. 30 ಮಾತ್ರ. 100 ಮಿಲಿಮೀಟರಿನಲ್ಲಿ 30, ಅದರ ಶೇ. 5, ಅಂದರೆ ಒಂದೂವರೆ ಮಿಲಿಮೀಟರು!

ಕರ್ನಾಟಕವೂ 2003ರಲ್ಲಿ 'ವರುಣ', 2017ರಲ್ಲಿ 'ವರ್ಷಧಾರೆ' ಎಂಬ ಹೆಸರಿನಲ್ಲಿ ವಿಮಾನಗಳಿಂದ ಮೋಡ ಬಿತ್ತಿತು. ನಮ್ಮ ಮಳೆಗಾಲದ ಮೋಡಗಳು ವಯೋಮಿಂಗಿನ ಹಿಮಮೋಡಗಳಲ್ಲ. ಅಲ್ಲಿನ ಅಂಕಿಯನ್ನು ಇಲ್ಲಿಗೆ ಹೊರಿಸುವುದು ಸಲ್ಲದು. ಹೊತ್ತು ತರಬೇಕಾದುದು ಆ ಪರೀಕ್ಷೆಯ ಶಿಸ್ತನ್ನು. ಮಳೆಗಾಲದ ನಡುವೆ ಬಿತ್ತಿದರೆ ಮಳೆ ಹೇಗೂ ಬಂದೀತು. ಅದರ ಕೀರ್ತಿಯನ್ನು ಯಾರಿಗೂ ಸುಮ್ಮನೆ ಕೊಡಲಾಗದು.

ಆದುದರಿಂದ ಮುಂದೆ ನಮ್ಮ ಬೆಟ್ಟಗಳ ಮೇಲೆ ಇಂಥ ಯೋಜನೆ ಬಂದಾಗ ಮೂರು ಪ್ರಶ್ನೆ ಕೇಳೋಣ. ಬಿತ್ತದೆ ಬಿಟ್ಟ ಮೋಡಗಳು ಯಾವುವು? ಆಯ್ಕೆಯನ್ನು ಚೀಟಿ ಎತ್ತಿದಂತೆ ಮಾಡಿದರೋ, ಮನಬಂದಂತೆ ಮಾಡಿದರೋ? ಮಳೆಯನ್ನು ಅಳೆದವರು ಗುತ್ತಿಗೆದಾರರೋ, ಸ್ವತಂತ್ರರೋ? ವೆಚ್ಚವಾಗುವುದು ನಮ್ಮೆಲ್ಲರ ಹಣ. ಅದೇ ಹಣಕ್ಕಾಗಿ ಕೆರೆಯ ಹೂಳು, ಜಲಾನಯನದ ಕಾಡು ಕಾದಿವೆ. ವಿದ್ಯಾರ್ಥಿಗಳು ಇಂದೇ ಶಾಲೆಯಲ್ಲೊಂದು ಮಳೆಮಾಪಕ ಇಟ್ಟು ದಿನವೂ ಬರೆದಿಡಲಿ. ನಮ್ಮ ಊರಿನ ಮಳೆಯ ಲೆಕ್ಕ ನಮ್ಮ ಕೈಯಲ್ಲಿದ್ದರೆ ಯಾರ ಲೆಕ್ಕವನ್ನಾದರೂ ಒರೆಗೆ ಹಚ್ಚಬಹುದು.