ಯಾವ ಚರ್ಚಿಗೆ ಹೋಗೋದು?

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಈ ಸಭೆಯಲ್ಲಿ ಚರ್ಚಿನ ವಿಷಯ ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. ಭೂಮಿ, ಸ್ಕಾಲರ್‌ಷಿಪ್, ಹಾಸ್ಟೆಲಿನ ಊಟ, ಊರಿನ ದೌರ್ಜನ್ಯ ಇವು ನಮ್ಮ ವಿಷಯ, ಚರ್ಚು ಅವರವರ ಮನೆಯ ವಿಷಯ ಅಂತ. ಆದರೆ ನಮ್ಮ ನಡುವೆ ಬೀದರಿನಿಂದ, ಕೋಲಾರದಿಂದ, ಕೆ.ಜಿ.ಎಫ್. ಕಡೆಯಿಂದ ಬಂದ ಕ್ರೈಸ್ತ ಮನೆಗಳ ಹುಡುಗ ಹುಡುಗಿಯರಿದ್ದಾರೆ. ಊರಲ್ಲಿದ್ದಾಗ ಅವರಿಗೆ ಈ ಪ್ರಶ್ನೆ ಇರಲಿಲ್ಲ. ಕೇರಿಗೆ ಒಂದೇ ಚರ್ಚು, ಅಪ್ಪ ಅಮ್ಮ ಹೋದ ಕಡೆ ಮಕ್ಕಳು. ಪೇಟೆಗೆ ಬಂದರೆ ಒಂದೊಂದು ರಸ್ತೆಗೆ ಒಂದೊಂದು ಬೋರ್ಡು. ಒಂದು ಕಡೆ ಗಿಟಾರು, ಒಂದು ಕಡೆ ಇಂಗ್ಲಿಷು, ಒಂದು ಕಡೆ ಆರಾಧನೆ ಮುಗಿದ ಮೇಲೆ ಬಿರಿಯಾನಿ. ಯಾವುದಕ್ಕೆ ಹೋಗೋದು ಅಂತ ಕೇಳ್ತಾರೆ. ನ್ಯಾಯವಾದ ಪ್ರಶ್ನೆ.

ನಾನು ಪಾದ್ರಿಯಲ್ಲ. ಚರ್ಚಿಗೆ ಹೋಗಿ ಅಂತ ಹೇಳೋದಕ್ಕೂ ಬಂದಿಲ್ಲ, ಬಿಡಿ ಅಂತ ಹೇಳೋದಕ್ಕೂ ಬಂದಿಲ್ಲ. ಹೋಗುವವರು ಕಣ್ಣು ಬಿಟ್ಟುಕೊಂಡು ಹೋಗಿ ಅಂತ ಹೇಳೋದಕ್ಕೆ ಬಂದಿದ್ದೇನೆ. ಭಾನುವಾರದ ಹಾಡು ಕೇಳಿ ಚರ್ಚನ್ನು ಆರಿಸಬೇಡಿ. ವಾರದ ಮಿಕ್ಕ ಆರು ದಿನ ಆ ಸಭೆ ಹೇಗೆ ನಡೀತದೆ ಅಂತ ನೋಡಿ ಆರಿಸಿ. ಇವತ್ತು ನಾನು ಹೇಳೋದೆಲ್ಲ ಇಷ್ಟರಲ್ಲೇ ಇದೆ.

ಚರ್ಚು ಅಂದರೆ ಒಂದೇ ಅಲ್ಲ

ಹೊರಗಿನಿಂದ ನೋಡಿದರೆ ಎಲ್ಲಾ ಕಡೆ ಶಿಲುಬೆ, ಎಲ್ಲಾ ಕಡೆ ಬೈಬಲ್ಲು. ಒಳಗೆ ಯಾರ ಮಾತು ನಡೀತದೆ ಅನ್ನೋದು ಬೇರೆ ಬೇರೆ. ಕ್ಯಾಥೊಲಿಕ್ ಸಭೆಯಲ್ಲಿ ಬಿಷಪರನ್ನು ನೇಮಿಸುವವರು ರೋಮಿನ ಪೋಪರು, ಊರಿಗೆ ಫಾದರನ್ನು ಕಳಿಸುವವರು ಬಿಷಪರು. ಚರ್ಚಿನ ಜನ ಸಮಿತಿಯಲ್ಲಿ ಕೂತು ಸಲಹೆ ಕೊಡಬಹುದು, ಕೊನೆಯ ಮಾತು ಅವರದಲ್ಲ. ಸಿ.ಎಸ್.ಐ. ಅಂತೀವಲ್ಲ, ದಕ್ಷಿಣ ಭಾರತ ಸಭೆ, ಅದು ಹಲವು ಪ್ರಾಟೆಸ್ಟೆಂಟ್ ಸಭೆಗಳು ಒಂದಾಗಿ 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಹುಟ್ಟಿದ್ದು. ಅಲ್ಲಿ ಸದಸ್ಯರ ಪಟ್ಟಿ ಉಂಟು, ಕಮಿಟಿಗೆ ಚುನಾವಣೆ ಉಂಟು. 1976ರಿಂದ ಹೆಣ್ಣುಮಕ್ಕಳಿಗೂ ಪಾದ್ರಿ ದೀಕ್ಷೆ ಕೊಡುತ್ತಾ ಬಂದಿದ್ದಾರೆ. ಬೀದರ್ ಕಡೆ ಅಮೆರಿಕದ ಮಿಷನರಿಗಳಿಂದ ಬೆಳೆದ ಮೆಥೋಡಿಸ್ಟ್ ಸಭೆ ದೊಡ್ಡದು, ಮಾದಿಗ ಕೇರಿಗಳಲ್ಲಿ ಬೇರು ಬಿಟ್ಟದ್ದು. 1981ರಲ್ಲಿ ಅದು ಸ್ವತಂತ್ರವಾದ ಭಾರತೀಯ ಸಭೆಯಾಯಿತು. ಅಲ್ಲಿ ಬಿಷಪರನ್ನೂ ಓಟು ಹಾಕಿ ಆರಿಸ್ತಾರೆ. ಇನ್ನು ಪೆಂತೆಕೊಸ್ತ್ ಸಭೆಗಳಲ್ಲಿ ದೊಡ್ಡ ಸಂಸ್ಥೆಗೆ ಸೇರಿದವೂ ಉಂಟು, ಒಬ್ಬ ಪಾಸ್ಟರು ಬಾಡಿಗೆ ಮನೆಯಲ್ಲಿ ಸ್ವಂತವಾಗಿ ಕಟ್ಟಿದವೂ ಉಂಟು. ಅಂಥ ಚಿಕ್ಕ ಸಭೆಯಲ್ಲಿ ಕಾಯಿಲೆ ಬಿದ್ದರೆ ರಾತ್ರಿಯೇ ಬಂದು ಪಕ್ಕದಲ್ಲಿ ಕೂರುವ ಜನ ಸಿಗ್ತಾರೆ. ಲೆಕ್ಕ ಕೇಳಿದರೆ ಸಿಟ್ಟಾಗುವ ಪಾಸ್ಟರೂ ಸಿಗಬಹುದು.

ಓಟು ಇದ್ದ ಮಾತ್ರಕ್ಕೆ ನ್ಯಾಯ ಇದೆ ಅಂತಲ್ಲ. ಪಂಚಾಯ್ತಿಯಲ್ಲೂ ಓಟು ಇದೆ, ಅಲ್ಲಿ ಯಾರು ನಡೆಸ್ತಾರೆ ಅಂತ ನಿಮಗೆ ಗೊತ್ತು. ಆದರೆ ಯಾರನ್ನು ಕೇಳಬೇಕು, ಎಲ್ಲಿ ಕೇಳಬೇಕು ಅಂತ ತಿಳಿಯದೆ ಯಾವ ಸಭೆಗೂ ಸೇರಬಾರದು.

ಜಾತಿ ಬಾಗಿಲಲ್ಲೇ ನಿಲ್ಲಲಿಲ್ಲ

ಕ್ರಿಸ್ತನ ಮುಂದೆ ಜಾತಿ ಇಲ್ಲ ಅಂತ ಪ್ರಸಂಗ ಮಾಡ್ತಾರೆ. ಚರಿತ್ರೆ ಏನು ಹೇಳ್ತದೆ ನೋಡಿ. 1606ರಲ್ಲಿ ಮಧುರೆಗೆ ಬಂದ ಇಟಲಿಯ ಪಾದ್ರಿ ರಾಬರ್ಟೊ ಡಿ ನೊಬಿಲಿ ಮೇಲ್ಜಾತಿಯವರನ್ನು ಒಲಿಸಿಕೊಳ್ಳಲು ಸನ್ಯಾಸಿಯ ವೇಷ ಹಾಕಿದರು. ಮುಂದೆ ಆ ಮಿಷನ್ನಿನಲ್ಲಿ ಬ್ರಾಹ್ಮಣರಿಗೆ ಬೇರೆ ಪಾದ್ರಿ, ಕೆಳಜಾತಿಯವರಿಗೆ ಬೇರೆ ಪಾದ್ರಿ ಅಂತಾಯಿತು. ತಮಿಳುನಾಡಿನ ಪ್ರಾಟೆಸ್ಟೆಂಟ್ ಚರ್ಚುಗಳಲ್ಲೂ ಜಾತಿಗೊಂದು ಜಾಗ ಇತ್ತು. ಅದನ್ನು ಬಿಡಲೇಬೇಕು ಅಂತ ಕಲ್ಕತ್ತದ ಬಿಷಪ್ ಡೇನಿಯಲ್ ವಿಲ್ಸನ್ 1833ರಲ್ಲಿ ಆಜ್ಞೆ ಹೊರಡಿಸಿದರು. ಎಷ್ಟೋ ಮೇಲ್ಜಾತಿ ಕ್ರೈಸ್ತರು ಜಾತಿ ಬಿಡುವ ಬದಲು ಆ ಚರ್ಚನ್ನೇ ಬಿಟ್ಟರು.

ನಮ್ಮ ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಷನ್ನಿನವರು ಈ ವಿಷಯದಲ್ಲಿ ಗಟ್ಟಿ ನಿಂತರು. ಸಭೆಗೆ ಸೇರಿದವನು ಜಾತಿ ಬಿಡಬೇಕು, ಒಟ್ಟಿಗೆ ಉಣ್ಣಬೇಕು ಅಂದರು. ಸೇರಿದವರ ಕಸುಬು ಹೋದಾಗ ನೇಯ್ಗೆ ಶಾಲೆ, ಹೆಂಚಿನ ಕಾರ್ಖಾನೆ ತೆಗೆದರು. ಮನಸ್ಸು ಮಾಡಿದರೆ ಆಗ್ತದೆ ಅನ್ನೋದಕ್ಕೆ ಇದು ಸಾಕ್ಷಿ.

ಕೇರಳಕ್ಕೆ ಹೋಗಿ. 1879ರಲ್ಲಿ ಹುಟ್ಟಿದ ಪೊಯ್ಕಯಿಲ್ ಯೋಹನ್ನಾನ್ ಪರಯರ ಮಗ. ಮಾರ್ ತೋಮಾ ಸಭೆಯಲ್ಲಿದ್ದರು, ಅಲ್ಲಿ ಜಾತಿ ಕಂಡು ಬ್ರದರನ್ ಸಭೆಗೆ ಹೋದರು, ಅಲ್ಲೂ ಅದನ್ನೇ ಕಂಡರು. ಕೊನೆಗೆ ಎಲ್ಲಾ ಬಿಟ್ಟು ಪ್ರತ್ಯಕ್ಷ ರಕ್ಷಾ ದೈವ ಸಭೆ ಅಂತ ತಮ್ಮದೇ ಸಭೆ ಕಟ್ಟಿದರು. ಜನ ಅವರನ್ನು ಅಪ್ಪಚ್ಚನ್ ಅಂತ ಕರೆದರು.

ಇದೆಲ್ಲಾ ಹಳೇ ಕತೆ ಅನ್ನಬೇಡಿ. ತಮಿಳುನಾಡಿನ ಆಗಿನ ವಿಳ್ಳುಪುರಂ ಜಿಲ್ಲೆಯ ಎರೈಯೂರಿನಲ್ಲಿ ದಲಿತ ಕ್ಯಾಥೊಲಿಕರು ಈ ಭೇದ ಸಾಕು, ನಮಗೆ ಬೇರೆ ಧರ್ಮಕೇಂದ್ರ ಕೊಡಿ ಅಂತ ಕೇಳಿದರು. 2008ರ ಮಾರ್ಚ್‌ನಲ್ಲಿ ಅದು ಹೊಡೆದಾಟವಾಗಿ, ಪೊಲೀಸ್ ಗೋಲಿಬಾರಿನಲ್ಲಿ ಇಬ್ಬರು ಸತ್ತರು. ಹೊಡೆದಾಡಿದ ಎರಡೂ ಕಡೆಯವರು ಒಂದೇ ಚರ್ಚಿನವರು. 2016ರ ಡಿಸೆಂಬರ್‌ನಲ್ಲಿ ಭಾರತದ ಕ್ಯಾಥೊಲಿಕ್ ಬಿಷಪರ ಸಮ್ಮೇಳನವೇ ಒಂದು ದಾಖಲೆ ತಂದು, ನಮ್ಮ ಸಭೆಯೊಳಗೆ ಅಸ್ಪೃಶ್ಯತೆ ಇದೆ, ಅದು ಪಾಪ ಅಂತ ಒಪ್ಪಿಕೊಂಡಿತು. ಆ ದಾಖಲೆಯ ಲೆಕ್ಕದಲ್ಲಿ 1 ಕೋಟಿ 90 ಲಕ್ಷ ಕ್ಯಾಥೊಲಿಕರಲ್ಲಿ 1 ಕೋಟಿ 20 ಲಕ್ಷ ದಲಿತರು, ದಲಿತ ಬಿಷಪರು 12 ಮಂದಿ. ಆರು ವರ್ಷದ ಮೇಲೆ, 2022ರಲ್ಲಿ, ಹೈದರಾಬಾದಿನ ಆಂಟನಿ ಪೂಲ ಮೊಟ್ಟಮೊದಲ ದಲಿತ ಕಾರ್ಡಿನಲ್ ಆದರು. ಸಂತೋಷ. ಇಷ್ಟು ತಡ ಯಾಕಾಯಿತು ಅಂತಲೂ ಕೇಳಬೇಕು.

ಬಾಬಾಸಾಹೇಬರು ಈ ವಿಷಯವನ್ನು ಬಿಡಲಿಲ್ಲ. ಕ್ರೈಸ್ತನಾದ ಅಸ್ಪೃಶ್ಯನ ಸ್ಥಿತಿ ಏನು ಅಂತ ಅವರು ಬರೆದದ್ದು ಅವರ ಬರಹಗಳ 5ನೇ ಸಂಪುಟದಲ್ಲಿದೆ. ನಿನ್ನ ಕಷ್ಟಕ್ಕೆ ನಿನ್ನ ಪಾಪವೇ ಕಾರಣ ಅಂತ ಕಲಿಸಿದರೆ ಅವನು ಅನ್ಯಾಯದ ವಿರುದ್ಧ ಯಾಕೆ ಎದ್ದು ನಿಲ್ತಾನೆ ಅನ್ನೋದು ಅವರ ವಾದ. ನೀವು ಕೂತು ಕೇಳುವ ಪ್ರತಿ ಪ್ರಸಂಗದ ಮುಂದೆ ಈ ಪ್ರಶ್ನೆ ಇಟ್ಟು ನೋಡಿ.

ಒಳಗಿದ್ದುಕೊಂಡೇ ಜಗಳ ಮಾಡಿದವರೂ ಇದ್ದಾರೆ. ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ 1981ರಲ್ಲಿ ಅರವಿಂದ ನಿರ್ಮಲ್ ಮಾಡಿದ ಭಾಷಣದಿಂದ ದಲಿತ ದೇವತಾಶಾಸ್ತ್ರ ಅನ್ನುವ ದಾರಿ ತೆರೆಯಿತು. ಅಮೆರಿಕದ ಕರಿಯರನ್ನು ನೆನೆಯಿರಿ. ಫಿಲಡೆಲ್ಫಿಯಾದ ಬಿಳಿಯರ ಮೆಥೋಡಿಸ್ಟ್ ಚರ್ಚಿನಲ್ಲಿ ಮೊಣಕಾಲೂರಿ ಪ್ರಾರ್ಥನೆ ಮಾಡ್ತಿದ್ದವರನ್ನು ಎಬ್ಬಿಸಿದರು. ರಿಚರ್ಡ್ ಅಲೆನ್ ಮತ್ತು ಸಂಗಡಿಗರು ಎದ್ದು ಹೊರಗೆ ಬಂದರು. 1816ರಲ್ಲಿ ಅವರದೇ ಸ್ವತಂತ್ರ ಸಭೆಯಾಯಿತು. ಮಾರ್ಟಿನ್ ಲೂಥರ್ ಕಿಂಗ್ ಬೆಳೆದದ್ದು ಅಂಥದೇ ಕರಿಯರ ಚರ್ಚುಗಳಲ್ಲಿ. ಅಂದರೆ ಚರ್ಚು ಮನುಷ್ಯನನ್ನು ಮಲಗಿಸಲೂಬಹುದು, ಎಬ್ಬಿಸಿ ನಿಲ್ಲಿಸಲೂಬಹುದು. ಎಬ್ಬಿಸುವುದು ಯಾವುದು ಅಂತ ಹುಡುಕೋದೇ ನಿಮ್ಮ ಕೆಲಸ.

ಏನು ನೋಡಬೇಕು?

ಒಂದು: ಸ್ಮಶಾನ ನೋಡಿ. ಬದುಕಿದ್ದಾಗ ಒಂದೇ ಬೆಂಚಲ್ಲಿ ಕೂರಿಸಿ, ಸತ್ತಾಗ ಬೇರೆ ಮೂಲೆಗೆ ಕಳಿಸುವ ಸಭೆ ನಮಗೆ ಬೇಡ. ತಿರುಚ್ಚಿ ನಗರದ ಕ್ಯಾಥೊಲಿಕ್ ಸ್ಮಶಾನದಲ್ಲಿ ದಲಿತರ ಗೋರಿಗಳನ್ನು ಬೇರೆ ಮಾಡಲು ಗೋಡೆಯನ್ನೇ ಕಟ್ಟಿದ್ದರು. ನೀವು ಹೋಗುವ ಚರ್ಚಿನವರು ಎಲ್ಲಿ ಹೂಳ್ತಾರೆ, ಬಾಡಿಗೆ ಮನೆಯ ಬಡವನಿಗೂ ಅಲ್ಲಿ ಆರಡಿ ಜಾಗ ಉಂಟಾ ಕೇಳಿ.

ಎರಡು: ಬಟ್ಟಲು ನೋಡಿ, ಊಟ ನೋಡಿ. ಊರ ಚಾ ಅಂಗಡಿಯ ಬೇರೆ ಲೋಟ ನಿಮಗೆ ಗೊತ್ತೇ ಇದೆ. ಕರ್ತನ ಭೋಜನದಲ್ಲಿ ಯಾರು ಮೊದಲು, ಯಾರು ಕೊನೆ? ಹಬ್ಬದ ಊಟದಲ್ಲಿ ಯಾರು ಬಡಿಸ್ತಾರೆ, ಯಾರು ಎಲೆ ಎತ್ತುತ್ತಾರೆ? ಯಾರ ಮನೆಯಲ್ಲಿ ಯಾರು ಉಣ್ಣೋದಿಲ್ಲ? ನಾಲ್ಕು ಭಾನುವಾರದಲ್ಲಿ ಗೊತ್ತಾಗ್ತದೆ.

ಮೂರು: ಕಮಿಟಿ ನೋಡಿ. ಗುಡಿಸುವವರು, ಬೆಂಚು ಹೊರುವವರು ನಮ್ಮವರು, ಖಜಾಂಚಿ ಕಾರ್ಯದರ್ಶಿ ಇನ್ನೊಬ್ಬರು ಅಂತಿದ್ದರೆ ಅದು ಊರಿನ ಇನ್ನೊಂದು ನಕಲು. ಹೆಣ್ಣುಮಕ್ಕಳು ಹಾಡೋದಕ್ಕೆ ಮಾತ್ರ ಇದ್ದಾರಾ, ಕಮಿಟಿಯಲ್ಲೂ ಇದ್ದಾರಾ? ಮಿಷನ್ ಶಾಲೆ ಆಸ್ಪತ್ರೆಗಳ ಕೆಲಸಕ್ಕೆ ಯಾರ ಮಕ್ಕಳು ಸೇರ್ತಾರೆ?

ನಾಲ್ಕು: ಮದುವೆ ನೋಡಿ. ದಲಿತ ಹುಡುಗನಿಗೂ ಇನ್ನೊಂದು ಜಾತಿಯ ಕ್ರೈಸ್ತ ಹುಡುಗಿಗೂ ಅಲ್ಲಿ ಮದುವೆ ನಡೆದದ್ದುಂಟಾ? ನಡೆದಾಗ ಪಾದ್ರಿ ಯಾರ ಕಡೆ ನಿಂತರು? ಪ್ರಸಂಗದಲ್ಲಿ ಸತ್ತ ಜಾತಿ ಮದುವೆಯಲ್ಲಿ ಎದ್ದು ಕೂರ್ತದೆ.

ಐದು: ಹಣ ಮತ್ತು ಔಷಧಿ. ಕೆಲವು ಸಭೆಗಳಲ್ಲಿ ದಶಮಾಂಶ, ಅಂದರೆ ಹತ್ತರಲ್ಲಿ ಒಂದು ಪಾಲು ಕೇಳ್ತಾರೆ. ಕೊಡೋದು ಬಿಡೋದು ನಿಮ್ಮಿಷ್ಟ. ಆದರೆ ಸ್ಕಾಲರ್‌ಷಿಪ್ಪಿನ ದುಡ್ಡಲ್ಲಿ ಕೊಡದಿದ್ದರೆ ಶಾಪ ಬರ್ತದೆ ಅಂತ ಹೆದರಿಸುವ ಕಡೆ ನಿಲ್ಲಬೇಡಿ. ಕಾಣಿಕೆಯ ಲೆಕ್ಕವನ್ನು ಸಭೆಯ ಮುಂದೆ ಓದ್ತಾರಾ ನೋಡಿ. ಪ್ರಾರ್ಥನೆ ಮಾಡಿ ಅನ್ನಲಿ, ಬೇಡ ಅನ್ನೋದಿಲ್ಲ. ಕ್ಷಯದ ಮಾತ್ರೆ ಬಿಡು, ಆಸ್ಪತ್ರೆಗೆ ಹೋಗಬೇಡ ಅನ್ನುವವರನ್ನು ಅವತ್ತೇ ಬಿಟ್ಟು ಬನ್ನಿ.

ಆರು: ಕೇರಿಗೆ ತೊಂದರೆ ಬಂದಾಗ ಆ ಸಭೆ ಎಲ್ಲಿರ್ತದೆ? ಪೊಲೀಸ್ ಠಾಣೆಗೆ ಜೊತೆಗೆ ಬರುವ ಪಾದ್ರಿ ಉಂಟಾ? ಅಥವಾ ಅದು ರಾಜಕೀಯ, ನಮಗೆ ಬೇಡ ಅಂತಾರಾ?

ಸರ್ಟಿಫಿಕೇಟಿನ ಮಾತು

ಇದನ್ನು ಮುಚ್ಚಿಡಬಾರದು. 1950ರ ರಾಷ್ಟ್ರಪತಿ ಆಜ್ಞೆಯ 3ನೇ ಪ್ಯಾರಾದ ಪ್ರಕಾರ ಹಿಂದೂ ಧರ್ಮದವರಿಗೆ ಮಾತ್ರ ಪರಿಶಿಷ್ಟ ಜಾತಿಯ ಹಕ್ಕು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರನ್ನು, ಮುಸ್ಲಿಮರನ್ನು ಸೇರಿಸಲಿಲ್ಲ. ಮದರಾಸಿನಲ್ಲಿ ಬೀದಿಬದಿ ಚಪ್ಪಲಿ ಹೊಲಿಯುವ ಒಬ್ಬ ಕ್ರೈಸ್ತ, ನನ್ನ ಪಕ್ಕದ ಹಿಂದೂ ಚಮ್ಮಾರನಿಗೆ ಸರ್ಕಾರ ಪೆಟ್ಟಿ ಅಂಗಡಿ ಕೊಟ್ಟಿತು, ನನಗ್ಯಾಕಿಲ್ಲ ಅಂತ ಸುಪ್ರೀಂ ಕೋರ್ಟಿಗೆ ಹೋದ. ಮತಾಂತರದ ಮೇಲೂ ಜಾತಿಯ ಹೊರೆ ಅಷ್ಟೇ ಇದೆ ಅನ್ನೋದಕ್ಕೆ ಪುರಾವೆ ಸಾಲದು ಅಂತ 1985ರಲ್ಲಿ ಕೋರ್ಟು ಹೇಳಿತು. 2007ರಲ್ಲಿ ರಂಗನಾಥ ಮಿಶ್ರ ಆಯೋಗ 3ನೇ ಪ್ಯಾರಾ ತೆಗೆಯಿರಿ ಅಂತ ಶಿಫಾರಸು ಮಾಡಿತು. ತೆಗೆಯಲಿಲ್ಲ. 2022ರಲ್ಲಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಆಯೋಗ ನೇಮಕವಾಯಿತು.

2024ರ ನವೆಂಬರ್‌ನಲ್ಲಿ ಪುದುಚೇರಿಯ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ದೀಕ್ಷಾಸ್ನಾನವಾಗಿ ತಪ್ಪದೆ ಚರ್ಚಿಗೆ ಹೋಗುವವರು ಕೆಲಸಕ್ಕಾಗಿ ಹಿಂದೂ ಅಂತ ಹೇಳಿಕೊಳ್ಳುವಂತಿಲ್ಲ ಅಂತ ತೀರ್ಪು ಕೊಟ್ಟಿತು. ಅಂದರೆ ತಪ್ಪದೆ ಚರ್ಚಿಗೆ ಹೋಗೋದೂ ಕೋರ್ಟಿನಲ್ಲಿ ಲೆಕ್ಕಕ್ಕೆ ಬರ್ತದೆ. ನಮ್ಮ ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಪ್ರವರ್ಗ 1ರಲ್ಲಿದ್ದಾರೆ, ಇತರ ಕ್ರೈಸ್ತರು 3-ಬಿಯಲ್ಲಿದ್ದಾರೆ. ಎಷ್ಟೋ ಹುಡುಗರಿಗೆ ಇದೇ ಗೊತ್ತಿಲ್ಲ.

ಕುತೂಹಲಕ್ಕೆ ಒಂದು ಚರ್ಚಿಗೆ ಹೋಗಿ ಕೂತರೆ ಮತಾಂತರವಲ್ಲ. ಆದರೆ ದೀಕ್ಷಾಸ್ನಾನ ಪಡೆಯೋದು, ಪಟ್ಟಿಯಲ್ಲಿ ಹೆಸರು ಬರೆಸೋದು ದೊಡ್ಡ ಹೆಜ್ಜೆ. ಯಾರೋ ಅವಸರ ಮಾಡಿದರು, ಗೆಳೆಯ ಕರೆದ ಅಂತ ಇಡಬೇಡಿ. ಮನೆಯಲ್ಲಿ ಮಾತಾಡಿ, ತಿಳಿದವರನ್ನು ಕೇಳಿ, ಆಮೇಲೆ ನಿಮ್ಮ ಮನಸ್ಸಾಕ್ಷಿ ಹೇಳಿದ ಹಾಗೆ ಮಾಡಿ. ನಿಮ್ಮ ಬಡತನ ನೋಡಿ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವವರು ಯಾವ ಧರ್ಮದವರಾದರೂ ದೂರ ಇಡಿ. ಇಷ್ಟೆಲ್ಲಾ ಕಷ್ಟ ತಿಳಿದೂ ನಾನು ಕ್ರೈಸ್ತ ಅಂತ ಧೈರ್ಯವಾಗಿ ಹೇಳಿಕೊಳ್ಳುವ ದಲಿತನನ್ನು ನಮ್ಮವನಲ್ಲ ಅಂತ ನಾವೂ ದೂರ ತಳ್ಳಬಾರದು. ಕೇರಿಯಲ್ಲಿ ಬೆಂಕಿ ಹಚ್ಚುವವರು ಮನೆಯೊಳಗೆ ಯೇಸುವಿನ ಪಟ ಇದೆಯಾ ಬಾಬಾಸಾಹೇಬರ ಪಟ ಇದೆಯಾ ಅಂತ ನೋಡಿ ಹಚ್ಚೋದಿಲ್ಲ.

ಆರಿಸಿದ ಮೇಲೆ

ನಾಲ್ಕೈದು ಚರ್ಚು ನೋಡಿ. ಒಂದೊಂದಕ್ಕೆ ಒಂದು ತಿಂಗಳು ಕೊಡಿ. ನಿಮ್ಮ ತಾಯಿಗೆ ಅರ್ಥವಾಗುವ ಭಾಷೆಯಲ್ಲಿ ಅಲ್ಲಿ ಪ್ರಾರ್ಥನೆ ನಡೀತದಾ ನೋಡಿ. ಇಂಗ್ಲಿಷ್ ಕಲಿಯೋದಕ್ಕೆ ಲೈಬ್ರರಿ ಇದೆ, ಚರ್ಚೇ ಆಗಬೇಕಿಲ್ಲ. ಎಲ್ಲಾ ಸರಿಯಿರುವ ಸಭೆ ಸಿಗೋದಿಲ್ಲ. ಕೇಳಿದರೆ ಉತ್ತರ ಕೊಡುವ ಸಭೆ ಸಿಕ್ಕರೆ ಸಾಕು, ನಿಂತುಬಿಡಿ. ವಾರಕ್ಕೊಂದು ಕಡೆ ತಿರುಗುವವನು ಎಲ್ಲಾ ಕಡೆ ಅತಿಥಿ. ಅತಿಥಿಗೆ ಕಾಫಿ ಸಿಗ್ತದೆ, ಓಟು ಸಿಗೋದಿಲ್ಲ. ತಪ್ಪದೆ ಹೋಗಿ, ಸದಸ್ಯರಾಗಿ, ಚುನಾವಣೆಗೆ ನಿಲ್ಲಿ. ಹಿಂದಿನ ಬೆಂಚಿನಲ್ಲಿ ಒಬ್ಬಳೇ ಕೂತ ಮುದುಕಿಯ ಪಕ್ಕದಲ್ಲಿ ಕೂತುಕೊಳ್ಳಿ. ಸ್ಮಶಾನದ ಗೋಡೆಯ ವಿಷಯ ಎತ್ತೋದಕ್ಕೆ ಹೆದರಬೇಡಿ.

ಮಹಾಡಿನ ಕೆರೆಗೆ 1927ರಲ್ಲಿ ನಮ್ಮವರು ಹೋದದ್ದು ಬಾಯಾರಿಕೆಗೆ ಮಾತ್ರ ಅಲ್ಲ, ಹಕ್ಕಿಗೆ. ಚರ್ಚಿನ ಬಾಗಿಲೊಳಗೆ ಹೋಗುವಾಗಲೂ ಅದು ನೆನಪಿರಲಿ. ಅಲ್ಲಿ ಯಾರೂ ನಿಮಗೆ ಉಪಕಾರ ಮಾಡ್ತಿಲ್ಲ. ಈ ನಾಡಿನ ಎಷ್ಟೋ ಚರ್ಚುಗಳನ್ನು ತುಂಬಿದವರು ನಮ್ಮ ಅಜ್ಜ ಅಜ್ಜಿಯರೇ. ಅವರ ಹೆಸರು ರಿಜಿಸ್ಟರಿನಲ್ಲಿದೆ. ಕಮಿಟಿಯಲ್ಲಿ ನಿಮ್ಮ ಹೆಸರು ಇರಲಿ.

ಜೈ ಭೀಮ್.