ಅಣಬೆ ಮೋಡ ಚದುರಿದ ಮೇಲೆ



ವಿದ್ಯಾರ್ಥಿಗಳೇ, ಹಿರೋಶಿಮಾ ದಿನದಂದು ನೀವು ನಿದ್ದೆಗೆಟ್ಟು ಅಣುಸ್ಫೋಟದ ಪರಿಣಾಮಗಳ ಪ್ರದರ್ಶನ ಏರ್ಪಡಿಸಿದ್ದೀರಿ. ಟೇಪು ಕತ್ತರಿಸುವ ಮುಂಚೆಯೇ ಒಳಗೊಂದು ಸುತ್ತು ಹಾಕಿಬಂದೆ. ಬಾಗಿಲಲ್ಲೇ ಆಳೆತ್ತರದ ಅಣಬೆ ಮೋಡ. ಚಿತ್ರ ಚೆನ್ನಾಗಿದೆ, ಆದರೆ ನನಗೊಂದು ತಕರಾರಿದೆ. ಸ್ಫೋಟವೆಂದರೆ ಕೆಲವು ಕ್ಷಣಗಳಲ್ಲಿ ನಡೆದು ಮುಗಿದುಹೋಗುವ ಘಟನೆ ಎಂಬ ಭಾವನೆಯನ್ನು ಅದು ಹುಟ್ಟಿಸುತ್ತದೆ.

ಆ ಕ್ಷಣಗಳು ಘೋರವೇ. 1945ರ ಆಗಸ್ಟ್ 6ರ ಬೆಳಿಗ್ಗೆ 8.15ಕ್ಕೆ ಹಿರೋಶಿಮಾದ ಮೇಲೆ, ಸುಮಾರು 600 ಮೀಟರ್ ಎತ್ತರದಲ್ಲಿ ಸಿಡಿದ ಬಾಂಬಿನಲ್ಲಿ 64 ಕಿಲೊ ಯುರೇನಿಯಂ ಇತ್ತು. ಅದರಲ್ಲಿ ವಿದಳನಗೊಂಡದ್ದು ಒಂದು ಕಿಲೊಗಿಂತ ಕಡಿಮೆ. ಅಷ್ಟರಲ್ಲೇ ಸುಮಾರು 15,000 ಟನ್ ಟಿಎನ್‌ಟಿಯ ಶಕ್ತಿ ಹೊಮ್ಮಿತು. ಇಂಥ ಸ್ಫೋಟದ ಶಕ್ತಿಯಲ್ಲಿ ಹೆಚ್ಚುಕಡಿಮೆ ಅರ್ಧ ಆಘಾತ ತರಂಗವಾಗಿ, ಮೂರನೇ ಒಂದರಷ್ಟು ಬೆಳಕು ಮತ್ತು ಶಾಖವಾಗಿ ಹೋಗುತ್ತದೆ, ಮಿಕ್ಕಿದ್ದು ವಿಕಿರಣ. ಮೊದಲು ಶಾಖ ಬಂದು ಮುಟ್ಟುತ್ತದೆ, ಹಿಂದೆಯೇ ಆಘಾತ. ಸುಟ್ಟುಕೊಂಡವರ ಮೇಲೆಯೇ ಮನೆ ಕುಸಿಯುತ್ತದೆ. ಆ ವರ್ಷ ಮುಗಿಯುವಷ್ಟರಲ್ಲಿ ಸತ್ತವರು ಸುಮಾರು 1,40,000 ಎಂದು ಹಿರೋಶಿಮಾ ನಗರದ ಅಂದಾಜು.

ಆದರೆ ನಾನು ನಿಮ್ಮನ್ನು ಕರೆದೊಯ್ಯಬೇಕೆಂದಿರುವುದು ಪೆಸಿಫಿಕ್ ಸಾಗರದ ಮಾರ್ಷಲ್ ದ್ವೀಪಗಳಿಗೆ. ಅಲ್ಲಿನ ಬಿಕಿನಿ ಎಂಬ ಹವಳದ ದ್ವೀಪಗುಚ್ಛದಿಂದ 1946ರಲ್ಲಿ ಅಮೆರಿಕದ ಸೇನೆ 167 ಜನರನ್ನು ಎಬ್ಬಿಸಿ ಬೇರೆಡೆ ಸಾಗಿಸಿತು. 1954ರ ಮಾರ್ಚ್ 1ರಂದು ಅಲ್ಲಿ ‘ಬ್ರಾವೊ’ ಎಂಬ ಹೈಡ್ರೋಜನ್ ಬಾಂಬಿನ ಪರೀಕ್ಷೆ ನಡೆಯಿತು. ಸುಮಾರು 6 ಮೆಗಾಟನ್ ಎಂದು ಲೆಕ್ಕ ಹಾಕಿದ್ದರು, ಆದದ್ದು 15. ಇಂಧನದಲ್ಲಿದ್ದ ಲಿಥಿಯಂ-7 ಕ್ರಿಯೆಗೆ ಇಳಿಯುವುದಿಲ್ಲ ಎಂದು ನಂಬಿದ್ದರು, ಇಳಿಯಿತು. ದೊಡ್ಡ ವಿಜ್ಞಾನಿಗಳ ಲೆಕ್ಕವೂ ಇಷ್ಟು ತಪ್ಪಬಹುದು, ಪರೀಕ್ಷೆಯಲ್ಲಿ ಅಂಕ ಕಳೆದುಕೊಂಡವರು ಸಮಾಧಾನಪಟ್ಟುಕೊಳ್ಳಿ.

ಹಿರೋಶಿಮಾದಲ್ಲಿ ಬೆಂಕಿಯುಂಡೆ ನೆಲ ಮುಟ್ಟಿರಲಿಲ್ಲ. ಬ್ರಾವೊ ಸಿಡಿದದ್ದು ನೆಲಮಟ್ಟದಲ್ಲೇ. ಪುಡಿಯಾದ ಹವಳ ವಿಕಿರಣಶೀಲವಾಗಿ ಆಕಾಶಕ್ಕೇರಿ, ಬಿಳಿಬೂದಿಯಾಗಿ ಉದುರಿತು. ರೊಂಗೆಲಾಪ್ ದ್ವೀಪದ ಮಕ್ಕಳು ಆ ಬೂದಿಯಲ್ಲಿ ಆಡಿದರು. ಅಲ್ಲಿನವರನ್ನು ತೆರವುಗೊಳಿಸಿದ್ದು ಎರಡು ದಿನದ ಮೇಲೆ. ಮುಂದೆ ಅನೇಕ ಮಕ್ಕಳಿಗೆ ಥೈರಾಯ್ಡ್ ಗಂಟುಗಳಾದವು. ದೂರದಲ್ಲಿ ಮೀನು ಹಿಡಿಯುತ್ತಿದ್ದ ಜಪಾನಿನ ಹಡಗೊಂದರ 23 ಮಂದಿಯ ಮೇಲೂ ಬೂದಿ ಬಿತ್ತು. ಅವರಲ್ಲಿ ರೇಡಿಯೊ ನೋಡಿಕೊಳ್ಳುತ್ತಿದ್ದ ಕುಬೊಯಾಮಾ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಇಂಥ ಪರೀಕ್ಷೆಗಳನ್ನು ತಡೆಹಿಡಿಯುವ ಒಪ್ಪಂದವಾಗಲಿ ಎಂದು ಏಪ್ರಿಲ್ ತಿಂಗಳಲ್ಲೇ ನೆಹರೂ ಲೋಕಸಭೆಯಲ್ಲಿ ಕೇಳಿದರು. ವಾತಾವರಣದಲ್ಲಿ ಪರೀಕ್ಷೆ ನಿಷೇಧಿಸುವ ಒಪ್ಪಂದಕ್ಕೆ ಸಹಿ ಬಿದ್ದದ್ದು 1963ರಲ್ಲಿ.

ಈಗ ತೆಂಗಿನ ವಿಷಯ. ನಿಮ್ಮಲ್ಲಿ ಬಹಳ ಮಂದಿ ತಿಪಟೂರು, ಅರಸೀಕೆರೆ ಕಡೆಯ ತೋಟದ ಮನೆಗಳವರು. ಬಿಕಿನಿಯವರೂ ತೆಂಗನ್ನೇ ನಂಬಿದವರು, ಕೊಬ್ಬರಿ ಮಾರುತ್ತಿದ್ದವರು. 1968ರಲ್ಲಿ ದ್ವೀಪ ಸುರಕ್ಷಿತವೆಂದು ಅಮೆರಿಕ ಸರ್ಕಾರ ಹೇಳಿತು. ಸಾಲುಸಾಲಾಗಿ ತೆಂಗಿನ ಸಸಿ ನೆಟ್ಟರು, ಕೆಲವು ಕುಟುಂಬಗಳು ಮರಳಿದವು. 1978ರಲ್ಲಿ ಅವರನ್ನು ಮತ್ತೆ ಎಬ್ಬಿಸಬೇಕಾಯಿತು, ಏಕೆಂದರೆ ಅವರ ಮೈಯಲ್ಲಿ ಸೀಸಿಯಂ-137 ಏರುತ್ತಿತ್ತು. ಅದು ಬಂದದ್ದು ಮುಖ್ಯವಾಗಿ ಎಳನೀರು, ಕಾಯಿಗಳಿಂದ. ಹವಳದ ಮಣ್ಣಿನಲ್ಲಿ ಪೊಟ್ಯಾಸಿಯಂ ತೀರ ಕಡಿಮೆ. ತೆಂಗಿಗೆ ಪೊಟ್ಯಾಷ್ ಎಷ್ಟು ಬೇಕೆಂದು ಬುಡಕ್ಕೆ ಗೊಬ್ಬರ ಹಾಕಿದವರಿಗೆ ಹೇಳಿಕೊಡಬೇಕಿಲ್ಲ. ಸೀಸಿಯಂ ರಸಾಯನದಲ್ಲಿ ಪೊಟ್ಯಾಸಿಯಂನ ದಾಯಾದಿ. ಹಸಿದ ಬೇರು ಅದನ್ನೂ ಹೀರಿತು. ಅದರ ಅರ್ಧಾಯುಷ್ಯ 30 ವರ್ಷ. ಹೀಗೆಯೇ ಕ್ಯಾಲ್ಸಿಯಂನ ಜಾಗಕ್ಕೆ ಸ್ಟ್ರಾಂಷಿಯಂ-90 ಬರುತ್ತದೆ, ಹುಲ್ಲಿನಿಂದ ಹಾಲಿಗೆ, ಹಾಲಿನಿಂದ ಮಕ್ಕಳ ಮೂಳೆಗೆ.

ಆಮೇಲೆ ವಿಜ್ಞಾನಿಗಳು ಬಿಕಿನಿಯ ಮರಗಳಿಗೆ ಪೊಟ್ಯಾಷ್ ಹಾಕಿ ನೋಡಿದರು. ಕಾಯಿಯಲ್ಲಿ ಸೀಸಿಯಂ ಬಹಳಷ್ಟು ಇಳಿಯಿತು. ಆದರೂ ಆ ಜನ ಇಂದಿಗೂ ಅಲ್ಲಿ ಊರು ಕಟ್ಟಿ ನೆಲೆಸಿಲ್ಲ. ನನ್ನ ಮಟ್ಟಿಗೆ ಅಣುಸ್ಫೋಟದ ಪರಿಣಾಮವೆಂದರೆ ಮುಖ್ಯವಾಗಿ ಇದೇ.

ಸಂಘಟಕರಿಗೊಂದು ಮಾತು. 1974ರ ಪೋಖರಣ್ ಸ್ಫೋಟದ ಮುಂದಾಳು ರಾಜಾ ರಾಮಣ್ಣ ನಮ್ಮ ತುಮಕೂರು ಜಿಲ್ಲೆಯವರು. ಅದು ನೆಲದಡಿಯ ಸ್ಫೋಟ. ಹಾಗೆ ಮಾಡಿದರೆ ಬೂದಿ ಆಕಾಶಕ್ಕೇರದಂತೆ ತಡೆಯಬಹುದು, ಆದರೆ ವಿಕಿರಣ ವಸ್ತು ಆ ನೆಲದಲ್ಲೇ ಉಳಿಯುತ್ತದೆ. ಆ ಬಗ್ಗೆ ಒಳಗೆ ಒಂದು ಫಲಕವೂ ಕಾಣಲಿಲ್ಲ. ಹೆಮ್ಮೆಯ ಜೊತೆಗೆ ಪ್ರಶ್ನೆಗಳನ್ನೂ ಬರೆದು, ಪ್ರದರ್ಶನ ಮುಗಿಯುವ ಮುನ್ನ ಅದನ್ನು ಸೇರಿಸಿ.

ತೆಂಗಿನ ಫಲಕದ ಬಳಿ ಪ್ರಥಮ ಪಿಯುಸಿಯ ಇಬ್ಬರು ಹೆಣ್ಣುಮಕ್ಕಳು ನಿಂತಿದ್ದಾರೆ. ಅವರನ್ನು ಕಷ್ಟದ ಪ್ರಶ್ನೆಗಳನ್ನೇ ಕೇಳಿ, ನಾನು ಕೇಳಿ ನೋಡಿದ್ದೇನೆ. ನಾಳೆ ಮನೆಯ ಹಿರಿಯರನ್ನೂ ಕರೆತನ್ನಿ. ಪ್ರದರ್ಶನ ಉದ್ಘಾಟನೆಯಾಗಿದೆ, ಒಳಗೆ ಬನ್ನಿ.