ನೈನ್ತ್ ಕಾರ್ಡ್‌ಗೆ ಹೆದರಬೇಡಿ

ಸಿ, ಜಿ, ಡಿ, ಇ ಮೈನರ್ ಎಂದು ನಾಲ್ಕಾರು ಕಾರ್ಡ್ ಕಲಿತು, ಆಮೇಲೆ ಗಿಟಾರನ್ನು ಕಪಾಟಿನ ಮೇಲಿಟ್ಟು ಮರೆತವರು ನಮ್ಮಲ್ಲಿ ಬಹಳ ಮಂದಿ. ಇವತ್ತಿನ ಮಾತು ಅವರಿಗಾಗಿ. ವಿಷಯ, ಡಾಮಿನೆಂಟ್ ನೈನ್ತ್ ಕಾರ್ಡ್.

ಹೆಸರು ದೊಡ್ಡದು, ಸ್ವರಗಳು ನಮಗೆ ಗೊತ್ತಿರುವವೇ. ಷಡ್ಜ, ಅಂತರ ಗಾಂಧಾರ, ಪಂಚಮ, ಕೈಶಿಕಿ ನಿಷಾದ, ಅದರ ಮೇಲೆ ತಾರಸ್ಥಾಯಿಯ ಚತುಶ್ರುತಿ ರಿಷಭ. ಐದೂ ಹರಿಕಾಂಭೋಜಿಯಲ್ಲಿವೆ. ಹಿಂದುಸ್ತಾನಿ ಕಲಿತವರು ಖಮಾಜ್ ಥಾಟ್ ನೆನೆದರಾಯಿತು. ಒಂದಾದಮೇಲೊಂದು ಹಾಡುವ ಸ್ವರಗಳನ್ನು ಇಲ್ಲಿ ಒಟ್ಟಿಗೆ ಮೀಟುತ್ತೇವೆ.

ಸಿ ನೈನ್ತ್ ಹಿಡಿಯೋಣ. ಐದನೇ ತಂತಿಯ 3ನೇ ಫ್ರೆಟ್‌ನಲ್ಲಿ ನಡುಬೆರಳು, ನಾಲ್ಕನೇ ತಂತಿಯ 2ನೇ ಫ್ರೆಟ್‌ನಲ್ಲಿ ತೋರುಬೆರಳು. ಉಂಗುರ ಬೆರಳನ್ನು 3ನೇ ಫ್ರೆಟ್‌ನಲ್ಲಿ ಅಡ್ಡ ಮಲಗಿಸಿ ಉಳಿದ ಮೂರು ತೆಳು ತಂತಿಗಳನ್ನು ಒತ್ತಬೇಕು. ಆರನೇ ದಪ್ಪ ತಂತಿ ನುಡಿಯಬಾರದು. ನಡುಬೆರಳಿನ ತುದಿ ಅದಕ್ಕೆ ಸೋಕಿದ್ದರೆ ಸಾಕು.

ಗೋಳೆಲ್ಲ ಆ ಉಂಗುರ ಬೆರಳಿನದು. ಮಲಗು ಎಂದರೆ ಮಲಗುವುದಿಲ್ಲ, ಮೊದಲ ತಂತಿ ‘ಟಪ್’ ಎಂದು ಸುಮ್ಮನಾಗುತ್ತದೆ. ಎಷ್ಟೋ ಜನ ಕೈಬಿಡುವುದು ಇಲ್ಲಿಯೇ. ಆದರೆ ಆ ತಂತಿಯಲ್ಲಿರುವುದು ಬರೀ ಪಂಚಮ! ಅದನ್ನು ಬಿಟ್ಟರೂ ಕಾರ್ಡಿನ ಗುಣ ಕೆಡದು. ಮೂರನೇ ತಂತಿಗೆ ಉಂಗುರ ಬೆರಳು, ಎರಡನೆಯದಕ್ಕೆ ಕಿರುಬೆರಳು ಇಟ್ಟು ನಾಲ್ಕೇ ತಂತಿ ನುಡಿಸಿ. ಜೀವವಿರುವುದು ಗಾಂಧಾರ, ನಿಷಾದಗಳಲ್ಲಿ. ರಿಷಭ ಅದಕ್ಕೆ ಬಣ್ಣ. ಜೊತೆಗೆ ಬೇಸ್ ಗಿಟಾರ್ ಇದ್ದರೆ ಷಡ್ಜವನ್ನೂ ಅದಕ್ಕೇ ವಹಿಸಬಹುದು. ಐದು ಸ್ವರವೂ ಬೇಕೇ ಬೇಕೆಂದು ಹಟ ಹಿಡಿಸುವ ಪಾಠಕ್ರಮ ನನಗೇನೋ ಸರಿಕಾಣದು.

ತೆರೆದ ತಂತಿ ಇಲ್ಲದ್ದರಿಂದ ಈ ಹಿಡಿತ ಎತ್ತ ಬೇಕಾದರೂ ಜಾರುತ್ತದೆ. ಎರಡು ಫ್ರೆಟ್ ಮೇಲೆ ಹೋದರೆ ಡಿ ನೈನ್ತ್, ಇನ್ನೆರಡು ಹೋದರೆ ಇ ನೈನ್ತ್. ಬ್ಲೂಸ್ ಗಿಟಾರಿನವರು ಹೀಗೆ ಜಾರಿಸುವುದನ್ನು ಬಹಳ ಇಷ್ಟಪಟ್ಟರು.

ಇನ್ನು ಬಲಗೈ. ಜೇಮ್ಸ್ ಬ್ರೌನ್ ಅವರ 1965ರ ‘ಪಾಪಾಸ್ ಗಾಟ್ ಎ ಬ್ರ್ಯಾಂಡ್ ನ್ಯೂ ಬ್ಯಾಗ್’ ಹಾಡಿನಲ್ಲಿ ವಾದ್ಯಗಳೆಲ್ಲ ತಡೆದು ನಿಂತಾಗ ಜಿಮ್ಮಿ ನೋಲೆನ್ ಅವರ ಗಿಟಾರ್ ಒಂದೇ ಸಮನೆ ಕೆರೆಯುವುದನ್ನು ಕೇಳಿ. ಕೋಳಿ ಕೆರೆದಂತಿದೆ ಎಂದೇ ಆ ಶೈಲಿಗೆ ‘ಚಿಕನ್ ಸ್ಕ್ರ್ಯಾಚ್’ ಎಂಬ ಹೆಸರು. ಗುಟ್ಟಿರುವುದು ಎಡಗೈಯಲ್ಲಿ. ಬಲಗೈ ಮೇಲೆ ಕೆಳಗೆ ನಿಲ್ಲದೆ ಆಡುತ್ತಿರುತ್ತದೆ; ಎಡಗೈ ಬೆರಳುಗಳನ್ನು ತಂತಿಯಿಂದ ಎತ್ತದೆ ಒತ್ತಡ ಮಾತ್ರ ಸಡಿಲಿಸಿದರೆ ‘ಚಿಕ್’, ಮತ್ತೆ ಒತ್ತಿದರೆ ಕಾರ್ಡ್. ಒತ್ತಿ ಹಿಡಿಯುವ ಹೊತ್ತು ಕಡಿಮೆ, ಆದ್ದರಿಂದ ಬೆರಳಿಗೆ ನೋವೂ ಕಡಿಮೆ. ಸದ್ದೂ ಸಣ್ಣದು, ಫ್ಲ್ಯಾಟಿನಲ್ಲಿ ಪಕ್ಕದ ಮನೆಯವರು ಗೋಡೆ ಬಡಿಯುವುದಿಲ್ಲ.

ಮೊದಲು ಬಾಯಲ್ಲಿ ‘ಚಿಕ್ ಚಿಕ್ ಚಿಕ್ ಝಂ’ ಎಂದು ಹೇಳಿಕೊಳ್ಳಿ. ಆಮೇಲೆ 7ನೇ ಫ್ರೆಟ್‌ನಲ್ಲಿ ಇ ನೈನ್ತ್ ಹಿಡಿದು, ಅದೇ ಲಯಕ್ಕೆ ನಿಧಾನವಾಗಿ ಮೀಟಿ.